ದಂಪತಿಗಳ ಪಟ ತೆಗೆಯುವ ಬಗೆ

ಸಂಸ್ಕೃತದಲ್ಲಿ ‘ದಂಪತೀ’ ಎಂಬ ಶಬ್ದವು ದ್ವಿವಚನಾಂತವಾದುದು. ವೇದಭಾಷೆಯಲ್ಲಿ ಇದೇ ಶಬ್ದವು ಏಕವಚನದಲ್ಲಿ ಮನೆಯೊಡೆಯನೆಂಬ ಅರ್ಥದಿಂದ ಕಾಣಬರುವುದುಂಟು. ಆದರೆ ಗಂಡಹೆಂಡಿರೆಂಬ ಅರ್ಥವು ಬರಬೇಕಾದರೆ ದ್ವಿವಚನವೇ ಆಗಬೇಕು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಈ ವಿಷಯವನ್ನು ಹೇಳಿಕೊಟ್ಟು, ಅವರಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡು, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು, ಅದರ ಅರ್ಥವನ್ನು ಸರಿಯಾಗಿ ತಿಳಿದುಕೊಂಡದ್ದು ಮಾತ್ರ ನಿವೃತ್ತನಾದ ಮೇಲೆ, ಕೈಯಲ್ಲೊಂದು ಕ್ಯಾಮರಾ ಹಿಡಿದಾಗ.

ಕ್ಯಾಮರಾ ನಾನು ಕೊಂಡುದಲ್ಲ. ಶಾಲೆಯವರು ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟು ಬೀಳ್ಕೊಟ್ಟ ಮರುವಾರವೇ ನನ್ನ ಮಗಳು, ಅಪ್ಪ ಇನ್ನು ಮನೆಯಲ್ಲಿ ಕುಳಿತು ಎಲ್ಲರ ವ್ಯಾಕರಣವನ್ನು ತಿದ್ದುವನೆಂದು ಹೆದರಿಯೋ ಏನೋ, ತಾನು ಬಳಸುತ್ತಿದ್ದ ಡಿಜಿಟಲ್ ಕ್ಯಾಮರಾವನ್ನು ಒಂದು ಐವತ್ತು ಮಿಲಿಮೀಟರಿನ ಲೆನ್ಸಿನೊಡನೆ ನನ್ನ ಕೈಗೆ ಕೊಟ್ಟಳು. ಅರುವತ್ತರಲ್ಲಿ ಈ ಹುಚ್ಚೇಕೆಂದು ನಗುವವರಿಗೆ ಒಂದು ಮಾತು ಹೇಳಬೇಕಾಗಿದೆ. ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬ ಆಂಗ್ಲ ಮಹಿಳೆ ೧೮೧೫ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿದವಳು. ೧೮೬೩ರಲ್ಲಿ, ಅವಳಿಗೆ ನಲವತ್ತೆಂಟು ವರ್ಷಗಳಾಗಿದ್ದಾಗ, ಮಗಳೂ ಅಳಿಯನೂ ಉಡುಗೊರೆಯಾಗಿ ಕೊಟ್ಟ ಕ್ಯಾಮರಾದಿಂದ ಆರಂಭಿಸಿ, ಟೆನಿಸನ್, ಡಾರ್ವಿನ್ ಮೊದಲಾದ ಮಹನೀಯರ ಪಟಗಳನ್ನು ತೆಗೆದು ಪ್ರಸಿದ್ಧಳಾದಳು. ಅವಳ ಪಟಗಳಲ್ಲಿ ಸ್ಪಷ್ಟತೆ ಸಾಲದೆಂದು ಆ ಕಾಲದ ಬಲ್ಲವರು ಹಳಿದರಂತೆ. ನನ್ನನ್ನು ಹಳಿಯುವ ಕೆಲಸವನ್ನು ನನ್ನ ಹೆಂಡತಿಯೇ ವಹಿಸಿಕೊಂಡಿದ್ದಾಳೆ.

ಭದ್ರಾವತಿಯಲ್ಲಿ ಪಟಕ್ಕೆ ವಿಷಯಗಳ ಬಡತನವಿಲ್ಲ. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಭದ್ರೆಯು ಊರ ನಡುವೆಯೇ ಹರಿಯುತ್ತಾಳೆ. ಬೆಂಕಿಪುರವೆಂಬ ಹಳೆಯ ಹೆಸರನ್ನು ಸಾರ್ಥಕಗೊಳಿಸುವಂತೆ ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯಿದೆ. ಇಷ್ಟೆಲ್ಲ ಇದ್ದೂ ನಾನು ವಯಸ್ಸಾದ ದಂಪತಿಗಳ ಪಟಕ್ಕೇ, ಅದೂ ಕಪ್ಪು ಬಿಳುಪಿನ ಪಟಕ್ಕೇ ಗಂಟುಬಿದ್ದುದಕ್ಕೆ ಕಾರಣ ಬೇರೆ.

ನಮ್ಮ ತಂದೆತಾಯಿಗಳು ಒಟ್ಟಿಗಿದ್ದ ಪಟವು ಮನೆಯಲ್ಲಿ ಒಂದೇ ಒಂದಿತ್ತು. ೧೯೬೦ರಲ್ಲಿ ಮದುವೆಯಾದ ಹೊಸತರಲ್ಲಿ ಶಿವಮೊಗ್ಗೆಗೆ ಹೋಗಿ ತೆಗೆಸಿಕೊಂಡದ್ದು. ತಂದೆಯವರು ಎರವಲು ಕೋಟು ತೊಟ್ಟು ಕುರ್ಚಿಯ ಮೇಲೆ ಕುಳಿತಿದ್ದರು; ತಾಯಿ ಹಿಂದೆ ನಿಂತು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಿದ್ದರು. ವೈದ್ಯನು ನಾಲಗೆ ತೋರಿಸೆಂದಾಗ ಮಕ್ಕಳು ಅವನನ್ನು ನೋಡುವಂತೆ ಇಬ್ಬರೂ ಕ್ಯಾಮರಾವನ್ನು ನೋಡುತ್ತಿದ್ದರು. ೧೯೯೮ರಲ್ಲಿ ತಂದೆಯವರು ತೀರಿಕೊಂಡಾಗ ವೈಕುಂಠ ಸಮಾರಾಧನೆಯ ದಿನಕ್ಕೆ ಒಂದು ಪಟ ಬೇಕಾಯಿತು. ಅವರೊಬ್ಬರದೇ ಆದ ಪಟವಿರಲಿಲ್ಲ. ಅವಸರದಲ್ಲಿ ಆ ಪಟವನ್ನೇ ಒಯ್ದು ಒಬ್ಬ ಪಟದವನಿಗೆ ಕೊಟ್ಟೆವು. ಅವನು ಅದನ್ನೇ ಕತ್ತರಿಯಿಂದ ಕತ್ತರಿಸಿ, ತಂದೆಯವರನ್ನು ಬೇರ್ಪಡಿಸಿ, ದೊಡ್ಡದು ಮಾಡಿ, ಕಟ್ಟು ಹಾಕಿ ಕೊಟ್ಟ. ಗೋಡೆಗೆ ಏರಿಸಿ ಹಾರ ಹಾಕಿದ ಮೇಲೆ ನೋಡುತ್ತೇವೆ, ಕುರ್ಚಿಯ ಬೆನ್ನಿನ ಮೇಲೆ ನಾಲ್ಕು ಬೆರಳುಗಳು ಉಳಿದುಬಿಟ್ಟಿವೆ.

ವ್ಯಾಕರಣದಲ್ಲಿ ಏಕಶೇಷವೆಂಬುದೊಂದು ವಿಧಿಯುಂಟು. ‘ಪಿತರೌ’ ಎಂದರೆ ಕಿವಿಗೆ ತಂದೆಯ ಶಬ್ದವೊಂದೇ ಕೇಳಿದರೂ ಅರ್ಥದಲ್ಲಿ ತಾಯಿಯೂ ಇರುತ್ತಾಳೆ. ಒಂದು ಉಳಿದು ಎರಡನ್ನೂ ಹೇಳುತ್ತದೆ. ತಾಯಿ ಆ ಮೇಲೆ ಹನ್ನೊಂದು ವರ್ಷ ಬದುಕಿದರು. ದಿನವೂ ಆ ಪಟಕ್ಕೆ ಹೂವಿಡುವಾಗ ತಮ್ಮ ಬೆರಳುಗಳನ್ನು ತಾವೇ ನೋಡುತ್ತಿದ್ದರು. ಒಂದು ದಿನವೂ ಅದರ ಮಾತನ್ನು ಎತ್ತಿದವರಲ್ಲ.

ಆದುದರಿಂದ ಕ್ಯಾಮರಾ ಬಂದ ಒಡನೆಯೇ ನಾನು ಎದುರುಮನೆಗೆ ನಡೆದೆ. ಆ ಮನೆಯ ಯಜಮಾನರು ಕಬ್ಬಿಣದ ಕಾರ್ಖಾನೆಯ ಎರಕದ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ನನಗಿಂತ ಹನ್ನೆರಡು ಹದಿಮೂರು ವರ್ಷ ಹಿರಿಯರು. ಹೃದಯದ ಬೇನೆಯಿಂದ ಮೆಟ್ಟಿಲು ಹತ್ತಬಾರದೆಂದು ವೈದ್ಯರ ಕಟ್ಟಪ್ಪಣೆಯಾಗಿದೆ. ದಂಪತಿಗಳಿಬ್ಬರೇ; ಮಕ್ಕಳು ಪರಸ್ಥಳದಲ್ಲಿ. ಇವರಲ್ಲಿಯೂ ಜೋಡಿಯಾಗಿರುವ ಪಟವೆಂದರೆ ಮದುವೆಯದೇ. ಪಟ ತೆಗೆಯುತ್ತೇನೆಂದಾಗ ಆಕೆ ಒಳಗೆ ಹೋಗಿ ಹಸುರು ಸೀರೆಯುಟ್ಟು ಬಂದರು. ಇವರು ಬಿಳಿಯ ಅಂಗಿ, ಬಿಳಿಯ ಪಂಚೆ.

ಮೊದಲ ದಿನದ ಪಟಗಳ ವಿಷಯವನ್ನು ಹೆಚ್ಚು ಹೇಳಲಾರೆ. ಬೆಳಕು ಚೆನ್ನಾಗಿರಲೆಂದು ನಡುಹಗಲು ಹನ್ನೆರಡು ಗಂಟೆಗೆ ಅಂಗಳದಲ್ಲಿ ನಿಲ್ಲಿಸಿದ್ದೆ. ನೆತ್ತಿಯ ಸೂರ್ಯನಿಂದ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು, ಇಬ್ಬರ ಕಣ್ಣುಗಳೂ ಎರಡೆರಡು ಗುಳಿಗಳಾಗಿದ್ದವು. ಬೆಳಕು ಬಹಳವಾದರೆ ಪಟ ಚೆನ್ನಾಗುವುದೆಂಬುದು ಹೊಸಬನ ಮೊದಲ ಭ್ರಾಂತಿ. ಬೆಳಕಿನ ಮೊತ್ತಕ್ಕಿಂತ ಅದು ಬರುವ ದಿಕ್ಕೂ ಅದರ ಮೃದುತ್ವವೂ ಮುಖ್ಯ. ನಮ್ಮ ಮನೆಗಳ ಜಗುಲಿಯೇ ಇದಕ್ಕೆ ಯೋಗ್ಯವಾದ ಸ್ಥಳ. ಮೇಲೆ ಸೂರು ನೆತ್ತಿಯ ಬೆಳಕನ್ನು ತಡೆಯುತ್ತದೆ; ಎದುರಿನ ಬಯಲಿನಿಂದ ಹರಡಿದ ಬೆಳಕು ಅಡ್ಡಲಾಗಿ ಬಂದು ಮುಖವನ್ನು ಸವರುತ್ತದೆ. ಒಳಗೆ ಕೂರಿಸುವುದಾದರೆ ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ. ಮಳೆಗಾಲವೆಂದರೆ ಪಟಕ್ಕೆ ರಜೆಯೆಂದು ಎಣಿಸುವವರಿದ್ದಾರೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿನಲ್ಲಿ ಆಷಾಢ ಶ್ರಾವಣಗಳ ಮೋಡವು ಆಕಾಶವನ್ನೆಲ್ಲ ಒಂದು ದೊಡ್ಡ ತೆಳುಬಟ್ಟೆಯನ್ನಾಗಿ ಮಾಡುತ್ತದೆ. ವೃದ್ಧರ ಮುಖಕ್ಕೆ ಅದಕ್ಕಿಂತ ಹಿತವಾದ ಬೆಳಕನ್ನು ನಾನು ಕಂಡಿಲ್ಲ.

ಎರಡನೆಯ ಸಲ ಜಗುಲಿಯಲ್ಲಿಯೇ ಕೂರಿಸಿದೆ. ಆಗ ಬೇರೊಂದು ತಪ್ಪಾಯಿತು. ಹಿನ್ನೆಲೆಯು ಮಸುಕಾಗಿ ಕಾಣುವುದೇ ಸೊಬಗೆಂದು ಎಲ್ಲಿಯೋ ಓದಿಕೊಂಡು ಲೆನ್ಸಿನ ದ್ವಾರವನ್ನು ಪೂರ್ಣವಾಗಿ, ಎಂದರೆ ಎಫ್ ೧.೮ಕ್ಕೆ, ತೆರೆದಿಟ್ಟಿದ್ದೆ. ಪಟದಲ್ಲಿ ಯಜಮಾನರ ರೆಪ್ಪೆಗೂದಲು ಎಣಿಸುವಂತಿತ್ತು. ಅರ್ಧ ಅಡಿ ಹಿಂದೆ ಕುಳಿತಿದ್ದ ಆಕೆಯ ಮುಖ ಮಾತ್ರ ಹೊಗೆಯಲ್ಲಿ ಕಂಡಂತಿತ್ತು. ನನ್ನದರಂತಹ ಕ್ಯಾಮರಾದಲ್ಲಿ ಒಂದೂವರೆ ಮೀಟರ್ ದೂರದಿಂದ ಆ ದ್ವಾರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎರಡೂವರೆ ಅಂಗುಲಕ್ಕೆ ಮೀರದು. ದ್ವಾರವನ್ನು ಎಫ್ ೫.೬ಕ್ಕೆ ಕಿರಿದುಗೊಳಿಸಿದರೆ ಅದು ಸುಮಾರು ಎಂಟು ಅಂಗುಲವಾಗುತ್ತದೆ. ಒಬ್ಬರ ಪಟದಲ್ಲಿ ಎರಡೂವರೆ ಅಂಗುಲ ಸಾಕು. ಇಬ್ಬರ ಪಟದಲ್ಲಿ ಆ ಆಳವು ಇಬ್ಬರ ಕಣ್ಣುಗಳನ್ನೂ ಒಳಗೊಳ್ಳಬೇಕು. ಇಬ್ಬರ ಮುಖಗಳೂ ಕ್ಯಾಮರಾದಿಂದ ಸಮದೂರದಲ್ಲಿರಬೇಕು. ಏಕವಚನದ ಪ್ರತ್ಯಯವನ್ನು ದ್ವಿವಚನಕ್ಕೆ ಹಚ್ಚಿದ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಲ್ಲಿ ನಾನು ಮಾಡಿದ್ದೂ ಅದನ್ನೇ.

ದ್ವಾರ ಕಿರಿದಾದರೆ ಬೆಳಕು ಕಡಿಮೆಯಾಗಿ ಷಟರು ನಿಧಾನವಾಗುವುದು ಸಹಜ. ಆಗ ಐ.ಎಸ್.ಓ. ಅಂಕಿಯನ್ನು ಏರಿಸಿಕೊಳ್ಳಬಹುದು. ಅದರಿಂದ ಪಟದಲ್ಲಿ ಸ್ವಲ್ಪ ಮರಳು ಮರಳಾಗಿ ಕಾಣುವುದುಂಟು. ಕಪ್ಪು ಬಿಳುಪಿನಲ್ಲಿ ಅದೊಂದು ದೋಷವೆಂದು ನನಗೆ ತೋರುವುದಿಲ್ಲ. ಷಟರಿನ ವೇಗ ಮಾತ್ರ ಸೆಕೆಂಡಿನ ೧೨೫ರಲ್ಲೊಂದು ಭಾಗಕ್ಕಿಂತ ನಿಧಾನವಾಗದಿರಲಿ. ವಯಸ್ಸಾದವರ ಕೈಗಳು ಸುಮ್ಮನಿದ್ದರೂ ಸುಮ್ಮನಿರುವುದಿಲ್ಲ, ಹಿಡಿದವನ ಕೈಯೂ ಹಾಗೆಯೇ.

ಬೆಳಕಿನ ಅಳತೆಯಲ್ಲಿಯೂ ಒಂದು ಮೋಸವಿದೆ. ಕ್ಯಾಮರಾದೊಳಗಿನ ಮೀಟರು ಲೋಕದ ವಸ್ತುಗಳೆಲ್ಲ ಒಟ್ಟಿನಲ್ಲಿ ನಡುಬೂದು ಬಣ್ಣದವೆಂದು ನಂಬಿಕೊಂಡಿರುವ ಒಂದು ಮುಗ್ಧ ಯಂತ್ರ. ಬಿಳಿಯ ಪಂಚೆಯು ಪಟದ ಬಹುಭಾಗವನ್ನು ಆವರಿಸಿದರೆ ಅದನ್ನು ಬೂದುಮಾಡಲು ಹೋಗಿ ಮುಖಗಳನ್ನು ಕತ್ತಲೆಗೆ ತಳ್ಳುತ್ತದೆ. ಹಿಂದೆ ಕಪ್ಪಾದ ಬಾಗಿಲು ತೆರೆದಿದ್ದರೆ ಅದನ್ನು ಬೆಳಗಿಸಲು ಹೋಗಿ ಅಂಗಿಯ ನೆರಿಗೆಗಳನ್ನೆಲ್ಲ ಸುಟ್ಟು ಸುಣ್ಣಮಾಡುತ್ತದೆ. ಮುಖದ ಮೇಲಣ ಬೆಳಕನ್ನೇ ಅಳೆಯತಕ್ಕದ್ದು. ಗಂಡಹೆಂಡಿರಲ್ಲಿ ಒಬ್ಬರು ಕಪ್ಪು, ಒಬ್ಬರು ಬಿಳುಪು ಆಗಿರುವುದು ನಮ್ಮಲ್ಲಿ ಸಾಮಾನ್ಯವಷ್ಟೆ. ಆಗ ಕಪ್ಪಗಿರುವವರನ್ನು ಕಿಟಕಿಯ ಕಡೆಗೆ ಕೂರಿಸಿದರೆ ಅರ್ಧ ಸಮಸ್ಯೆ ತೀರಿತು. ಏಕೆಂದರೆ ಕಿಟಕಿಯಿಂದ ದೂರ ಸರಿದಂತೆ ಬೆಳಕು ನಾವೆಣಿಸಿದುದಕ್ಕಿಂತ ಬೇಗನೆ ಕುಂದುತ್ತದೆ. ಚಿಕ್ಕ ದೀಪದ ಬೆಳಕಾದರಂತೂ ದೂರ ಇಮ್ಮಡಿಯಾದಾಗ ಕಾಲುಭಾಗವೇ ಉಳಿಯುವುದು. ನೆರಳಿನ ಮಗ್ಗುಲಿಗೆ ಒಗೆದ ಬಿಳಿಯ ಪಂಚೆಯೊಂದನ್ನು ಹಗ್ಗದ ಮೇಲೆ ಹರವಿದರೆ ಅದರಿಂದ ಮರಳಿದ ಬೆಳಕು ಆ ಕಡೆಯ ಕೆನ್ನೆಯನ್ನು ತುಂಬುತ್ತದೆ. ಇದಕ್ಕೆಂದೇ ಮಾರುವ ಬೆಳ್ಳಿಬಣ್ಣದ ತಟ್ಟೆಗಳಿಗೆ ನಾನು ಹಣ ತೆತ್ತಿಲ್ಲ.

ಇನ್ನು ಕಪ್ಪು ಬಿಳುಪಿನ ಮಾತು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವೆಂಬ ಭಾಗದಲ್ಲಿ ಚಿತ್ರಕ್ಕೆ ಶೋಭೆಯನ್ನು ಕೊಡುವವು ರೇಖೆ, ವರ್ತನೆ, ಭೂಷಣ, ವರ್ಣ ಎಂದು ನಾಲ್ಕನ್ನು ಎಣಿಸಿದೆ. ವರ್ತನೆಯೆಂದರೆ ನೆರಳು ಬೆಳಕುಗಳಿಂದ ಉಬ್ಬುತಗ್ಗುಗಳನ್ನು ತೋರಿಸುವುದು. ನಮ್ಮ ಪಟವು ವರ್ಣವನ್ನು ಬಿಟ್ಟುಕೊಟ್ಟಿತೆಂದರೆ ಅದರ ಭಾರವೆಲ್ಲ ರೇಖೆಯ ಮೇಲೂ ವರ್ತನೆಯ ಮೇಲೂ ಬೀಳುತ್ತದೆ. ಬಿಟ್ಟುಕೊಟ್ಟುದರಿಂದ ಆಗುವ ಪೇಚಾಟವನ್ನು ನಾನು ಎದುರುಮನೆಯ ಹಸುರು ಸೀರೆಯಿಂದ ಕಲಿತೆ. ಕಣ್ಣಿಗೆ ಎದ್ದು ಕಾಣುತ್ತಿದ್ದ ಅದರ ಕೆಂಪು ಅಂಚು ಪಟದಲ್ಲಿ ಮಾಯವಾಗಿತ್ತು. ಹಸುರೂ ಕೆಂಪೂ ಕಾಂತಿಯಲ್ಲಿ ಸಮವಾಗಿದ್ದುದರಿಂದ ಎರಡೂ ಒಂದೇ ಬೂದಿಯಾಗಿ ಕುಳಿತಿದ್ದವು. ವಸ್ತ್ರಗಳನ್ನು ಆರಿಸುವಾಗ ಬಣ್ಣವನ್ನು ನೋಡದೆ, ಕಣ್ಣನ್ನು ಕಿರಿದು ಮಾಡಿಕೊಂಡು, ಯಾವುದು ತಿಳಿ, ಯಾವುದು ಗಾಢ ಎಂಬುದನ್ನೇ ನೋಡಬೇಕು.

ಸೀರೆಯ ಅಂಚು ಹೋದರೆ ಹೋಗಲಿ. ಹೋಗಬಾರದುದು ಮುಂದಿನ ಸಲ ಹೋಯಿತು. ಮುಖದ ಕಲೆಗಳನ್ನು ಮರೆಸಿ ಚರ್ಮವನ್ನು ತಿಳಿಯಾಗಿಸಬೇಕೆಂದು ನಾನು ಗಣಕಯಂತ್ರದಲ್ಲಿ ಬಣ್ಣದ ಪಟವನ್ನು ಕಪ್ಪು ಬಿಳುಪಿಗೆ ತಿರುಗಿಸುವಾಗ ಕೆಂಪಿನ ಭಾಗವನ್ನು ಬಹಳ ಏರಿಸಿದ್ದೆ. ಮುಖಗಳು ನಿಜವಾಗಿಯೂ ನಯವಾದುವು. ಮುದ್ರಿಸಿ ಒಯ್ದು ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಮೇಷ್ಟ್ರೇ, ನನ್ನ ಹಣೆ ಬರಿದಾಗಿದೆಯಲ್ಲ’ ಎಂದರು. ಯಜಮಾನರು ಪಕ್ಕದಲ್ಲಿಯೇ ಕುಳಿತಿದ್ದರು. ಮುಂದಿನ ವಾರ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಕೆಂಪನ್ನು ಏರಿಸಿದುದರಿಂದ ಕಾಸಿನಗಲದ ಕುಂಕುಮವು ಚರ್ಮದ ಬಣ್ಣದಲ್ಲಿಯೇ ಕರಗಿಹೋಗಿತ್ತು. ನನಗೆ ಬಾಯಿ ಬರಲಿಲ್ಲ. ಆಕೆ ಎದ್ದುಹೋಗಿ ಭರಣಿಯನ್ನು ತಂದು, ಉಂಗುರದ ಬೆರಳಿನ ತುದಿಯಿಂದ ಪಟದ ಹಣೆಗೆ ಕುಂಕುಮವನ್ನಿಟ್ಟರು.

ಆ ರಾತ್ರಿ ನಾನು ಓದಬೇಕಾದುದನ್ನು ಓದಿದೆ. ಬೆಳ್ಳಿಯ ಲವಣದಿಂದ ಮಾಡಿದ ಹಿಂದಿನ ಫಲಕಗಳಿಗೆ ನೀಲಿಯೊಂದೇ ಚೆನ್ನಾಗಿ ಕಾಣುತ್ತಿತ್ತು. ೧೮೭೩ರಲ್ಲಿ ಜರ್ಮನಿಯ ಫೋಗೆಲ್ ಎಂಬವನು ಫಲಕಕ್ಕೆ ಬಣ್ಣವನ್ನು ಬೆರೆಸಿ ಅದಕ್ಕೆ ಹಸುರನ್ನೂ ಕಾಣಿಸಿದನು. ಕೆಂಪನ್ನು ಕಾಣಬಲ್ಲ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದುದು ೧೯೦೬ರಲ್ಲಿ. ಎಲ್ಲ ಕಡೆಯೂ ಬಳಕೆಗೆ ಬರುವುದಕ್ಕೆ ಇನ್ನೂ ಹಲವು ವರ್ಷ ಹಿಡಿಯಿತು. ಅಜ್ಜಿಯರ ಹಳೆಯ ಪಟಗಳಲ್ಲಿ ಕುಂಕುಮವು ಮಸಿಯ ಬೊಟ್ಟಿನಂತೆಯೂ, ತಾಂಬೂಲದ ತುಟಿಗಳು ಕಾಡಿಗೆ ಬಳಿದಂತೆಯೂ ಕಾಣುವುದಕ್ಕೆ ಇದೇ ಕಾರಣ. ಫಲಕಕ್ಕೆ ಕೆಂಪು ಕುರುಡು. ನಾನಾದರೋ ಕೆಂಪಿಗೆ ಕುರುಡಾಗದ ಯಂತ್ರವನ್ನು ಕೈಯಲ್ಲಿಟ್ಟುಕೊಂಡು ಕುರುಡನಾಗಿದ್ದೆ. ಪರಿಹಾರವೇನೋ ಸುಲಭ. ಯಂತ್ರದಲ್ಲಿ ಕೆಂಪಿಗೂ ಕಿತ್ತಳೆಗೂ ಬೇರೆ ಬೇರೆ ಅಳತೆಗೋಲುಗಳಿರುತ್ತವೆ. ನಮ್ಮ ಚರ್ಮದ ಬಣ್ಣವು ಹೆಚ್ಚಾಗಿ ಕಿತ್ತಳೆಯ ಕಡೆಗಿನದು. ಕುಂಕುಮವು ಅಚ್ಚ ಕೆಂಪು. ಕೆಂಪನ್ನು ತಗ್ಗಿಸಿ ಕಿತ್ತಳೆಯನ್ನು ಸ್ವಲ್ಪವೇ ಏರಿಸಿದರೆ ಮುಖವು ತಿಳಿಯಾಗಿಯೇ ಉಳಿದು ಕುಂಕುಮವು ಗಾಢವಾಗಿ ನಿಲ್ಲುತ್ತದೆ. ಈಗಲೂ ಫಿಲ್ಮಿನಲ್ಲಿ ತೆಗೆಯುವವರು ಲೆನ್ಸಿನ ಮುಂದೆ ತಿಳಿಹಸುರು ಗಾಜನ್ನು ಇಟ್ಟುಕೊಳ್ಳಬಹುದು. ಇದಕ್ಕಾಗಿಯೇ ಡಿಜಿಟಲ್ ಪಟವನ್ನು ‘ರಾ’ ಎಂಬ ಸಂಸ್ಕಾರವಿಲ್ಲದ ರೂಪದಲ್ಲಿ, ಬಣ್ಣದೊಡನೆಯೇ ಉಳಿಸಿಕೊಳ್ಳತಕ್ಕದ್ದು. ಕ್ಯಾಮರಾದ ಪರದೆಯ ಮೇಲೆ ಮಾತ್ರ ಕಪ್ಪು ಬಿಳುಪಾಗಿ ಕಾಣುವಂತೆ ಇಟ್ಟುಕೊಂಡರೆ ಕಣ್ಣು ಪಳಗುತ್ತದೆ, ಬಣ್ಣವೂ ಕೈಬಿಡುವುದಿಲ್ಲ.

ತಿದ್ದಿದ ಪಟವನ್ನು ಕೊಟ್ಟಾಗ ಹಳೆಯದನ್ನು ಹಿಂದಕ್ಕೆ ಕೇಳಿದೆ. ಆಕೆ ಕೊಡಲಿಲ್ಲ. ಬೊಟ್ಟಿಟ್ಟ ಪಟವನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಾಗಿತ್ತು.

ಭಂಗಿಯ ವಿಚಾರಕ್ಕೆ ಬರೋಣ. ಚಿತ್ರಸೂತ್ರವು ಶರೀರದ ನಿಲುವುಗಳು ಒಂಬತ್ತೆಂದು ಹೇಳಿ, ನೇರವಾಗಿ ಎದುರಾಗಿರುವುದನ್ನು ಋಜ್ವಾಗತವೆಂದೂ, ಪೂರ್ತಿ ಪಕ್ಕಕ್ಕೆ ತಿರುಗಿದುದನ್ನು ಪಾರ್ಶ್ವಾಗತವೆಂದೂ, ಓರೆಯಾಗಿರುವುದನ್ನು ಸಾಚೀಕೃತವೆಂದೂ ಕರೆಯುತ್ತದೆ. ನಮ್ಮ ತಂದೆತಾಯಿಗಳ ಪಟದಲ್ಲಿ ಇಬ್ಬರೂ ಋಜ್ವಾಗತ. ಹೀಗೆ ಇಬ್ಬರು ಇರುವ ಪಟವು ಪಕ್ಕಪಕ್ಕದಲ್ಲಿಟ್ಟ ಎರಡು ಏಕವಚನಗಳಂತೆ. ಒಂದು ಸಲ ಹುಡುಗರನ್ನು ಪ್ರವಾಸಕ್ಕೆ ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಅಲ್ಲಿಯ ಮೂರನೆಯ ಗುಹೆ ಚಾಲುಕ್ಯರ ಮಂಗಲೇಶನು ೫೭೮ರಲ್ಲಿ ಪೂರ್ಣಗೊಳಿಸಿದ್ದು. ಅದರ ಕಂಬಗಳ ಮೇಲಿನ ಬೋದಿಗೆಗಳಲ್ಲಿ ಗಂಡುಹೆಣ್ಣಿನ ಜೋಡಿಗಳು ಸಾಲಾಗಿವೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತಂತೆ ಒರಗಿದ್ದಾರೆ. ತಲೆಗಳು ಒಂದರ ಕಡೆಗೊಂದು ಬಾಗಿವೆ. ಇಬ್ಬರ ನಡುವಿನ ತೆರಪು ಕೂಡ ಶಿಲ್ಪಿಯು ಕಡೆದ ಆಕಾರದಂತಿದೆ. ಆಗ ಹುಡುಗರ ಎದುರಿನಲ್ಲಿ ನಾಚಿಕೆಯಾಗಿ ಬೇಗಬೇಗನೆ ಮುಂದಕ್ಕೆ ನಡೆಸಿದೆ. ಈಗ ಆ ಕಂಬಗಳ ಕೆಳಗೆ ಒಂದು ದಿನವೆಲ್ಲ ಕುಳಿತು ಕಲಿಯಬೇಕೆನಿಸುತ್ತದೆ.

ಹಾಗೆಂದು ಎಪ್ಪತ್ತು ದಾಟಿದ ಗೃಹಸ್ಥನಿಗೆ ಹೆಂಡತಿಯ ಹೆಗಲ ಮೇಲೆ ಕೈಹಾಕೆನ್ನುವುದು ಸಲ್ಲದು. ಮದುವೆಗೆ ಮುಂಚೆ ವಧೂವರರನ್ನು ಹೊಳೆಯ ನೀರಿನಲ್ಲಿ ನಿಲ್ಲಿಸಿ, ಬಣ್ಣದ ಹೊಗೆ ಬಿಟ್ಟು ತೆಗೆಯುವ ಈಗಿನ ಪಟಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಹೇಳುವುದೂ ಇಲ್ಲ. ವಯಸ್ಸಾದವರ ಸಾಮೀಪ್ಯವು ಕೈಕೆಲಸದಲ್ಲಿ ಕಾಣುತ್ತದೆ. ಅವರಿಗೊಂದು ಕೆಲಸ ಕೊಡಿ. ಎದುರುಮನೆಯವರಿಗೆ ನಾನು ಅವರೆಕಾಯಿಯ ಮೊರವನ್ನು ಕೊಟ್ಟೆ. ಐದು ನಿಮಿಷ ಕ್ಯಾಮರಾವನ್ನು ನೋಡುತ್ತಾ ಸುಲಿದರು. ಆರನೆಯ ನಿಮಿಷ ಯಜಮಾನರು ಹುಳುಕು ಕಾಳನ್ನು ಒಳ್ಳೆಯದರಲ್ಲಿ ಹಾಕಿದರೆಂದು ಆಕೆ ಅವರ ಮಣಿಕಟ್ಟನ್ನು ಹಿಡಿದು ತಡೆದರು. ಗುಂಡಿ ಒತ್ತಿದೆ. ಆ ಪಟದಲ್ಲಿ ಇವರು ಋಜ್ವಾಗತರಾಗಿ ನಗುತ್ತಿದ್ದಾರೆ. ಆಕೆ ಸಾಚೀಕೃತರಾಗಿ ಇವರನ್ನು ನೋಡುತ್ತಿದ್ದಾರೆ. ಆಕೆಯ ಕಣ್ಣುಗಳು ಇವರ ತುಟಿಯ ಮಟ್ಟಕ್ಕಿವೆ. ತಲೆಗಳೆರಡೂ ಒಂದೇ ಮಟ್ಟದಲ್ಲಿದ್ದರೆ ತಕ್ಕಡಿಯನ್ನು ನೋಡಿದಂತಾಗುತ್ತದೆ. ಇಷ್ಟು ಏರುಪೇರು ಇದ್ದರೆ ನೋಟವು ಒಂದು ಮುಖದಿಂದ ಇನ್ನೊಂದಕ್ಕೆ ಇಳಿದು, ಕೈಗಳಿಗೆ ಬಂದು, ಮತ್ತೆ ಮೇಲೇರುತ್ತದೆ. ಕೈಗಳನ್ನು ಪಟದ ಅಂಚಿನಲ್ಲಿ ಕತ್ತರಿಸಬಾರದೆಂಬುದನ್ನು ನಾನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಚಿಲ್ಲರೆ ವಿಷಯಗಳು ಕೆಲವಿವೆ. ಕನ್ನಡಕದಲ್ಲಿ ಕಿಟಕಿ ಹೊಳೆದರೆ ಗಲ್ಲವನ್ನು ಒಂದಿಷ್ಟು ತಗ್ಗಿಸಲು ಹೇಳಿದರೆ ಸಾಕು. ಕೈಫೋನಿನಿಂದ ತೆಗೆಯುವವರು ಮುಖದ ಹತ್ತಿರಕ್ಕೆ ನುಗ್ಗಬಾರದು. ಮೂಗು ದೊಡ್ಡದಾಗಿ ಕಿವಿ ಸಣ್ಣದಾಗುತ್ತದೆ. ಐದಾರು ಅಡಿ ದೂರ ನಿಲ್ಲತಕ್ಕದ್ದು. ಹಿಂದಿನ ಗೋಡೆಯ ಮೇಲಣ ಸಾಮಾನುಗಳನ್ನು ತೆಗೆಯುವಾಗ ಮನೆಯವರನ್ನು ಕೇಳಿ ತೆಗೆಯಬೇಕು. ನಾನು ಕ್ಯಾಲೆಂಡರನ್ನು ತೆಗೆಸಿದೆ, ಕಾರ್ಖಾನೆಯವರು ಕೊಟ್ಟಿದ್ದ ಗೋಡೆಗಡಿಯಾರವನ್ನು ತೆಗೆಯಲು ಹೋದೆ, ಯಜಮಾನರು ಬೇಡವೆಂದರು. ಅದು ಪಟದಲ್ಲಿದೆ. ಸುಕ್ಕುಗಳನ್ನು ಯಂತ್ರದಿಂದ ಒರಸಿಹಾಕುವುದನ್ನು ನಾನು ಕುಂಕುಮದ ಪ್ರಸಂಗವಾದ ಮೇಲೆ ಪೂರ್ತಿಯಾಗಿ ಬಿಟ್ಟಿದ್ದೇನೆ.

ತೆಗೆದ ಪಟಗಳನ್ನು ಕಾಗದದ ಮೇಲೆ ಮುದ್ರಿಸತಕ್ಕದ್ದು. ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿದ್ದ ಊರಿನವನೆಂಬ ಅಭಿಮಾನದಿಂದ ಹೀಗೆ ಹೇಳುತ್ತಿಲ್ಲ; ಅದರ ಯಂತ್ರಗಳು ಕಳೆದ ದಶಕದಲ್ಲಿಯೇ ನಿಂತುಹೋದುವು. ಫೋನಿನಲ್ಲಿರುವ ಪಟವು ಫೋನು ಕೆಟ್ಟ ದಿನ ಹೋಗುತ್ತದೆ. ಹೊಳಪಿಲ್ಲದ ಕಾಗದದಲ್ಲಿ ಎಂಟು ಹತ್ತು ಅಂಗುಲದ ಅಳತೆ ಮನೆಗೆ ಸಾಕು. ಪರದೆಯ ಮೇಲೆ ಸರಿಯಾಗಿ ಕಂಡದ್ದು ಕಾಗದದ ಮೇಲೆ ಒಂದು ಪಾಲು ಕಪ್ಪಾಗಿ ಬರುವುದರಿಂದ ಮೊದಲು ಚಿಕ್ಕದೊಂದನ್ನು ಮುದ್ರಿಸಿ ನೋಡಿಕೊಳ್ಳುವುದು ಮೇಲು.

ಕೊನೆಗೆ ಒಂದು ಕ್ರಮವನ್ನು ನಾನು ತಪ್ಪದೆ ನಡೆಸಿಕೊಂಡು ಬಂದಿದ್ದೇನೆ. ದಂಪತಿಗಳ ಪಟವಾದ ಮೇಲೆ ಅವರನ್ನು ಏಳಗೊಡದೆ, ಅದೇ ಬೆಳಕಿನಲ್ಲಿ ಅದೇ ಕುರ್ಚಿಯಲ್ಲಿ ಒಬ್ಬೊಬ್ಬರದೂ ಒಂದೊಂದು ಪಟ ತೆಗೆದಿಡುತ್ತೇನೆ. ಏಕೆಂದು ಕೇಳಿದವರಿಗೆ ಗುರುತಿನ ಚೀಟಿಗೆ ಬೇಕಾದೀತೆಂದು ಹೇಳುತ್ತೇನೆ. ಎದುರುಮನೆಯಲ್ಲಿಯೂ ಹಾಗೆಯೇ ಹೇಳಿದೆ. ಯಜಮಾನರು ಆಸ್ಪತ್ರೆಯಿಂದ ಮರಳಿ ತಿಂಗಳಾಗಿತ್ತು. ಅಂಗಿ ಸ್ವಲ್ಪ ಸಡಿಲವಾಗಿತ್ತು. ಅವರು ನನ್ನ ಮುಖವನ್ನು ನೋಡಿ, ‘ಗೋಡೆಗೆ ತಾನೆ, ಮೇಷ್ಟ್ರೇ?’ ಎಂದರು. ನಾನು ಕ್ಯಾಮರಾದ ಗುಂಡಿಗಳಲ್ಲಿ ಏನನ್ನೋ ಹುಡುಕುತ್ತಿದ್ದೆ. ಅವ‍ರು ಜೇಬಿನಿಂದ ಬಾಚಣಿಗೆ ತೆಗೆದು, ಕನ್ನಡಿಯಿಲ್ಲದೆಯೇ ತಲೆ ಬಾಚಿಕೊಂಡು, ‘ಸರಿಯಾಗಿದೆಯೇನೆ?’ ಎಂದು ಆಕೆಯನ್ನು ಕೇಳಿದರು. ಆಕೆ ಬಂದು ಕಾಲರನ್ನು ನೆಟ್ಟಗೆ ಮಾಡಿ, ಹೆಗಲ ಮೇಲಿನ ಒಂದು ಕೂದಲನ್ನು ತೆಗೆದು, ಪಕ್ಕಕ್ಕೆ ಸರಿದು ನಿಂತರು.